ಒದ್ದೆ ಬಟ್ಟೆ ಮುಟ್ಟಿಸುವ ಮೊದಲು: ಮಲೆನಾಡಿನ ಹಳೆಯ ಚಿತ್ರಗಳಿಗೆ ಇನ್‌ಫ್ರಾರೆಡ್ ಪರೀಕ್ಷೆ

ಸಾಗರ, ಸೊರಬದ ಕಡೆಯ ಹಳೆಯ ಮನೆಯೊಂದರ ಗೋಡೆಯಲ್ಲಿ ಹಸೆ ಚಿತ್ತಾರ ಉಳಿದಿದೆ ಎನ್ನಿ. ಅದರ ಬಿಳಿ ಗೆರೆ ಅಕ್ಕಿ ಹಿಟ್ಟಿನದಿರಬಹುದು, ಜೇಡಿಮಣ್ಣಿನದಿರಬಹುದು, ಅಂಗಡಿಯಿಂದ ತಂದ ಎಮಲ್ಷನ್ ಪೇಂಟಿನದೂ ಇರಬಹುದು. ಕಣ್ಣಿಗೆ ಮೂರೂ ಬಿಳಿಯೇ. ಧೂಳು ಒರೆಸೋಣವೆಂದು ಒದ್ದೆ ಬಟ್ಟೆ ಮುಟ್ಟಿಸಿದರೆ ಮಾತ್ರ ಮೂರರ ಗತಿಯೂ ಬೇರೆ. ಅಕ್ಕಿಯದು ಉಬ್ಬಿ ಬಟ್ಟೆಗೆ ಅಂಟುತ್ತದೆ, ಜೇಡಿಯದು ಕದಡಿ ಕೆಮ್ಮಣ್ಣಿನ ನೆಲಕ್ಕೆ (ಗೆರೆಯ ಹಿಂದೆ ಗೋಡೆಗೆ ಬಳಿದ ಕೆಂಪಿಗೆ) ಹರಡುತ್ತದೆ, ಎಮಲ್ಷನ್ ಹಾಗೇ ಕೂರುತ್ತದೆ. ಇನ್‌ಫ್ರಾರೆಡ್ ರೋಹಿತ ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿದೆ. ಚಿತ್ರಕ್ಕೆ ಏನು ಹಚ್ಚಬೇಕು ಎನ್ನುವುದಕ್ಕಿಂತ ಮೊದಲು, ಏನು ಹಚ್ಚಬಾರದು ಎಂದು ಅದು ಹೇಳುತ್ತದೆ.

ತತ್ವ ಸರಳ. ಅಣುಗಳೊಳಗಿನ ಬಂಧಗಳು ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಬಂಧವೂ ತನ್ನ ಕಂಪನಕ್ಕೆ ಹೊಂದುವ ಇನ್‌ಫ್ರಾರೆಡ್ ಕಿರಣವನ್ನಷ್ಟೇ ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂಬುದರ ನಕ್ಷೆಯೇ ರೋಹಿತ. ಪ್ರಯೋಗಾಲಯದಲ್ಲಿ ಎಫ್‌ಟಿಐಆರ್ ಎಂದು ಕರೆಯುವ ಯಂತ್ರ 4000ದಿಂದ 400ರವರೆಗಿನ ತರಂಗಸಂಖ್ಯೆಯನ್ನು ಅಳೆಯುತ್ತದೆ. ತರಂಗಸಂಖ್ಯೆ ಎಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ. ಮುಂದೆ ಪೀಕ್ (ಹೆಚ್ಚು ಹೀರಿದ ಕಡೆ ನಕ್ಷೆಯಲ್ಲಿ ಏಳುವ ತುದಿ) ಎಂದು ಬರುವ ಅಂಕಿಗಳೆಲ್ಲ ಅದೇ.

ಇದನ್ನು ಇನ್‌ಫ್ರಾರೆಡ್ ಫೋಟೊ ಜೊತೆ ಬೆರೆಸಬೇಡಿ. ಬಣ್ಣದ ಕೆಳಗೆ ಇದ್ದಿಲಿನಲ್ಲೋ ಕಾಡಿಗೆಯಲ್ಲೋ ಬರೆದ ಮೂಲ ರೇಖೆಯನ್ನು ಕಾಣಿಸುವುದು ಫೋಟೊ. ಅದಕ್ಕೆ 700ರಿಂದ 1700 ನ್ಯಾನೊಮೀಟರಿನ ಕಿರಣ ಮತ್ತು ಅದನ್ನು ಹಿಡಿಯುವ ಕ್ಯಾಮೆರಾ ಸಾಕು. ವಸ್ತು ಯಾವುದು ಎಂದು ಫೋಟೊ ಹೇಳುವುದಿಲ್ಲ.

ಮೊದಲು ಪ್ರಶ್ನೆ

ಯಂತ್ರದ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಪ್ರಶ್ನೆ ಬರೆಯಿರಿ. "ಈ ಚಿತ್ರ ಯಾವ ಕಾಲದ್ದು" ಎಂಬುದು ಈ ಯಂತ್ರಕ್ಕೆ ಕೇಳುವ ಪ್ರಶ್ನೆಯಲ್ಲ. "ಮೇಲಿನ ಕಂದು ಪದರ ಅರಗೋ, ಎಣ್ಣೆಯೋ, ಬರೀ ಹೊಗೆಯೋ", "ಬಣ್ಣ ಹಿಡಿದಿರುವುದು ಗೋಂದೋ ವಜ್ರವೋ (ಪ್ರಾಣಿಜನ್ಯ ಅಂಟು)", "ಹಿಂದೆ ರಿಪೇರಿ ಮಾಡಿದವರು ಬಳಿದದ್ದು ಏನು" ಎಂಬಂಥವು ಸರಿಯಾದ ಪ್ರಶ್ನೆಗಳು. ಪ್ರಶ್ನೆಯಿಲ್ಲದೆ ಹತ್ತು ಕಡೆ ಚೂರು ತೆಗೆದರೆ ಕೈಯಲ್ಲಿ ಹತ್ತು ರೋಹಿತ ಉಳಿಯುತ್ತವೆ, ಚಿತ್ರದಲ್ಲಿ ಹತ್ತು ತೂತು.

ಅನುಮತಿಯ ವಿಷಯವನ್ನೂ ಆಗಲೇ ಮುಗಿಸಿಕೊಳ್ಳಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾವಸ್ತು. ಹಸ್ತಪ್ರತಿಗೆ 75 ವರ್ಷ ಸಾಕು. ಸಂರಕ್ಷಿತ ಸ್ಮಾರಕದ ಗೋಡೆಯಿಂದ ಸಾಸಿವೆಯ ಕಾಲುಭಾಗದಷ್ಟು ಕೆರೆಯಬೇಕಾದರೂ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಬೇಕು. ಮನೆಯ ಚಿತ್ರವಾದರೆ ಮನೆಯವರ ಒಪ್ಪಿಗೆ, ದೇವಸ್ಥಾನದ್ದಾದರೆ ಆಡಳಿತದವರ ಮತ್ತು ಅರ್ಚಕರ ಒಪ್ಪಿಗೆ.

ಆಮೇಲೆ ಫೋಟೊ: ನೇರ ಬೆಳಕಿನಲ್ಲಿ ಒಂದು, ಪಕ್ಕದಿಂದ ಓರೆಯಾಗಿ ಬಿಟ್ಟ ಬೆಳಕಿನಲ್ಲಿ ಒಂದು, 365 ನ್ಯಾನೊಮೀಟರಿನ ಯುವಿ ಟಾರ್ಚಿನಲ್ಲಿ ಒಂದು. ಯುವಿಯಲ್ಲಿ ಅರಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಹಳೆಯ ಮರದ ರಾಳದ ವಾರ್ನಿಶ್ ಹಸಿರುಮಿಶ್ರಿತ ಹಳದಿಯಾಗಿ. ನಂತರ ತೇಪೆ ಹಾಕಿದ ಜಾಗ ಕಪ್ಪಾಗಿ ಕಾಣುವುದೇ ಹೆಚ್ಚು. ಎಲ್ಲಿ ಅಳೆಯಬೇಕು ಎನ್ನುವುದರ ಅರ್ಧ ಉತ್ತರ ಈ ಮೂರು ಫೋಟೊಗಳಲ್ಲೇ ಸಿಗುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಬೇಡ

ಆರಿದ್ರೆಯಿಂದ ಮಘೆಯವರೆಗೆ ಮಲೆನಾಡಿನಲ್ಲಿ ಗಾಳಿಯ ತೇವಾಂಶ ಶೇ. 90 ದಾಟುವುದು ದಿನನಿತ್ಯದ ಮಾತು. ಎಫ್‌ಟಿಐಆರ್‌ಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ, ಅದಕ್ಕೆ ಮೂರು ಕಾರಣ.

ಒಂದನೆಯದು, ಹೆಚ್ಚಿನ ಯಂತ್ರಗಳೊಳಗಿನ ಕಿರಣ ಸೀಳುವ ಗಾಜು ಮತ್ತು ಕಿಟಕಿಗಳನ್ನು ಪೊಟ್ಯಾಸಿಯಂ ಬ್ರೋಮೈಡ್‌ನಿಂದ ಮಾಡಿರುತ್ತಾರೆ. ಅದು ಉಪ್ಪಿನ ಜಾತಿ. ತೇವ ಹೀರಿದರೆ ಮಂಜು ಕವಿದಂತಾಗಿ ಸಿಗ್ನಲ್ ಬೀಳುತ್ತದೆ, ಒಮ್ಮೆ ಮಂಜಾದದ್ದನ್ನು ಒರೆಸಿ ಸರಿಮಾಡಲು ಬರುವುದಿಲ್ಲ. ಯಂತ್ರದ ಒಳಗಿನ ಸಿಲಿಕಾ ಜೆಲ್ ಪೊಟ್ಟಣದ ಬಣ್ಣವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಿ. ನೀಲಿ ಗುಲಾಬಿಯಾದರೆ ಅಥವಾ ಕಿತ್ತಳೆ ಹಸಿರಾದರೆ ತೆಗೆದು 110ರಿಂದ 120 ಡಿಗ್ರಿ ಒಲೆಯಲ್ಲಿ ಮೂರು ಗಂಟೆ ಒಣಗಿಸಿ. ಒಳಗಿರುವುದು ಮಾಲಿಕ್ಯುಲರ್ ಸೀವ್ (ತೇವ ಹೀರುವ ಇನ್ನೊಂದು ವಸ್ತು) ಆಗಿದ್ದರೆ ಈ ಶಾಖ ಸಾಲದು, ಕೈಪಿಡಿ ನೋಡಿ. ಯಂತ್ರವನ್ನು ಆರಿಸದೆ ಸದಾ ಚಾಲೂ ಇಡುವುದು ಒಳ್ಳೆಯದು. ಒಳಗಿನ ಬೆಚ್ಚಗೆಯೇ ತೇವವನ್ನು ದೂರ ಇಡುತ್ತದೆ. ಮಳೆಗಾಲದಲ್ಲಿ ಕರೆಂಟು ಎರಡು ದಿನ ಹೋಗುವುದು ಇಲ್ಲಿ ಹೊಸದಲ್ಲವಾದ್ದರಿಂದ, ಬಂದ ಮೇಲೆ ಒಂದು ಗಂಟೆಯಾದರೂ ಯಂತ್ರ ಬೆಚ್ಚಗಾಗಲು ಬಿಟ್ಟು ನಂತರ ಅಳೆಯಿರಿ. ಹೊಸ ಯಂತ್ರ ಕೊಳ್ಳುವವರು ಜಿಂಕ್ ಸೆಲೆನೈಡ್ ಗಾಜಿನದನ್ನು ಕೇಳಬಹುದು. ಅದು ತೇವಕ್ಕೆ ಜಗ್ಗುವುದಿಲ್ಲ. ಆದರೆ 500ಕ್ಕಿಂತ ಕೆಳಗಿನ ಭಾಗ ಕೈತಪ್ಪುತ್ತದೆ, ಕೆಮ್ಮಣ್ಣಿನ ಒಂದು ಮುಖ್ಯ ಗುರುತು ಅಲ್ಲೇ ಇದೆ.

ಎರಡನೆಯದು, ಗಾಳಿಯ ನೀರಾವಿ ರೋಹಿತದಲ್ಲಿ 3900ರಿಂದ 3500ರವರೆಗೆ ಮತ್ತು 1800ರಿಂದ 1400ರವರೆಗೆ ಗರಗಸದ ಹಲ್ಲಿನಂಥ ಗೆರೆ ಎಳೆಯುತ್ತದೆ. ಅಂಟಿನ ಗುರುತುಗಳು ಇರುವುದೂ ಆ ಎರಡನೆಯ ಜಾಗದಲ್ಲೇ. ಒಣ ನೈಟ್ರೋಜನ್ ಹಾಯಿಸುವ ಸೌಲಭ್ಯವಿದ್ದರೆ ಬಳಸಿ. ಇಲ್ಲದಿದ್ದರೆ ಹಿನ್ನೆಲೆ ಅಳತೆಯನ್ನು (ಚೂರು ಇಡದೆ ತೆಗೆಯುವ, ಹೋಲಿಕೆಗೆ ಬೇಕಾದ ಅಳತೆ) ಪ್ರತಿ ಚೂರಿಗೂ ಹೊಸದಾಗಿ ತೆಗೆಯಿರಿ, ಬೆಳಿಗ್ಗೆ ತೆಗೆದದ್ದನ್ನು ಮಧ್ಯಾಹ್ನಕ್ಕೆ ನೆಚ್ಚಬೇಡಿ.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಚೂರಿನೊಳಗೆ ಸೇರಿಕೊಂಡ ನೀರು 1640ರ ಆಸುಪಾಸಿನಲ್ಲಿ ಒಂದು ಪೀಕ್ ಕೊಡುತ್ತದೆ. ವಜ್ರ, ಅಂದರೆ ಪ್ರಾಣಿಜನ್ಯ ಅಂಟಿನ ಮುಖ್ಯ ಗುರುತು ಬರುವುದು 1650ರಲ್ಲಿ. ಒದ್ದೆ ಅಕ್ಕಿ ಹಿಟ್ಟನ್ನು ವಜ್ರ ಎಂದು ಓದಿಬಿಡುವುದು ಹೀಗೆಯೇ. ಅಳೆಯುವ ಮೊದಲು ಚೂರನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಒಂದು ರಾತ್ರಿ ಇಡಿ. ಒಲೆಯಲ್ಲಿ ಒಣಗಿಸಬೇಡಿ; ಜೇನುಮೇಣವಿದ್ದರೆ ಕರಗುತ್ತದೆ, ಜಿಪ್ಸಂ ಇದ್ದರೆ ತನ್ನ ನೀರು ಕಳೆದುಕೊಂಡು ಬೇರೆಯೇ ವಸ್ತುವಾಗುತ್ತದೆ.

ಆದ್ದರಿಂದ ಅಳತೆಯ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗಿನ ಸಮಯ ಇಟ್ಟುಕೊಳ್ಳಿ. ಮಳೆಗಾಲ ಹಳೆಯ ರೋಹಿತಗಳನ್ನು ಕೂತು ಓದುವುದಕ್ಕೆ.

ಮುಟ್ಟದೆ ಅಳೆಯುವುದು

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಎಫ್‌ಟಿಐಆರ್ ಇದ್ದರೆ ಚಿತ್ರದ ಮೇಲ್ಮೈಯಿಂದ ಪ್ರತಿಫಲಿಸಿದ ಕಿರಣವನ್ನೇ ಅಳೆಯಬಹುದು. ಯಂತ್ರವನ್ನು ಗಟ್ಟಿ ಟ್ರೈಪಾಡಿನ ಮೇಲೆ ಚಿತ್ರದಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿ (ನಿಮ್ಮ ಯಂತ್ರದ ದೂರ ಕೈಪಿಡಿಯಲ್ಲಿರುತ್ತದೆ), ಚಿನ್ನ ಲೇಪಿತ ಕನ್ನಡಿಯಿಂದ ಹಿನ್ನೆಲೆ ತೆಗೆದುಕೊಳ್ಳಿ. ರೆಸಲ್ಯೂಷನ್ (ಎಷ್ಟು ಹತ್ತಿರದ ಪೀಕ್ ಬೇರೆಯಾಗಿ ಕಾಣುತ್ತದೆ ಎಂಬುದು) 4, ಸ್ಕ್ಯಾನ್ (ಅದೇ ಜಾಗವನ್ನು ಎಷ್ಟು ಸಲ ಅಳೆಯುವುದು ಎಂಬುದು) 128ರಿಂದ 256. ಒಂದು ಜಾಗಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಕಿರಣ ಬೀಳುವ ಬಿಂದು ಐದಾರು ಮಿಲಿಮೀಟರ್ ಅಗಲವಿರುವುದರಿಂದ ಚಿತ್ತಾರದ ಸಣ್ಣ ಗೆರೆಗೆ ಇದು ಆಗದು, ಅಗಲ ಬಣ್ಣದ ಜಾಗಕ್ಕಷ್ಟೇ. ಮರದ ಅಟ್ಟದ ಮೇಲೆ ಯಾರಾದರೂ ನಡೆದಾಡಿದರೂ ಟ್ರೈಪಾಡು ಅಲುಗಿ ಅಳತೆ ಕೆಡುತ್ತದೆ.

ಹೀಗೆ ಬಂದ ರೋಹಿತವನ್ನು ಪುಸ್ತಕದ ರೋಹಿತಕ್ಕೆ ಹೋಲಿಸಲು ಹೋದರೆ ಕಣ್ಣು ಕಟ್ಟಿದಂತಾಗುತ್ತದೆ. ಸುಣ್ಣ, ಜಿಪ್ಸಂಗಳಂಥ ಬಲವಾಗಿ ಹೀರುವ ಖನಿಜಗಳ ಪೀಕ್ ತಲೆಕೆಳಗಾಗಿ ಬೀಳುತ್ತದೆ; ಎಣ್ಣೆ, ರಾಳಗಳ ಪೀಕ್ ಒಂದು ಬದಿ ಏರಿ ಇನ್ನೊಂದು ಬದಿ ಇಳಿದು ಹಾವಿನಂತೆ ಬಾಗುತ್ತದೆ. ಸಾಫ್ಟ್‌ವೇರಿನ ಕ್ರಾಮರ್ಸ್-ಕ್ರೋನಿಗ್ ತಿದ್ದುಪಡಿ (ಹೀಗೆ ಬಾಗಿದ ಪೀಕನ್ನು ಸಾಮಾನ್ಯ ರೂಪಕ್ಕೆ ತರುವ ಲೆಕ್ಕ) ನುಣುಪಾದ ವಾರ್ನಿಶ್ ಮೇಲ್ಮೈಗೆ ಸರಿ. ಒರಟು ಗೋಡೆಗೆ ಅದನ್ನು ಒತ್ತಾಯದಿಂದ ಹಾಕಿದರೆ ಇಲ್ಲದ ಪೀಕ್ ಹುಟ್ಟುತ್ತವೆ. ಗೋಡೆಯ ಮಟ್ಟಿಗೆ 2515 ಮತ್ತು 1795ರ ಸಣ್ಣ ಗುರುತು ನೋಡಿ. ಇವು ತಲೆಕೆಳಗಾಗುವುದಿಲ್ಲ, ಸುಣ್ಣವಿದೆ ಎಂದು ನೇರವಾಗಿ ಹೇಳುತ್ತವೆ.

ಎಟಿಆರ್ ಎಂಬ ವಜ್ರದ ಹರಳಿನ ಜೋಡಣೆಯನ್ನು ಚಿತ್ರಕ್ಕೇ ಒತ್ತಿ ಅಳೆಯುವ ಆಸೆ ಬೇಡ. (ಈ ವಜ್ರ ನಿಜವಾದ ಹರಳು, ಅಂಟಿನ ವಜ್ರವಲ್ಲ.) ಒಳ್ಳೆಯ ರೋಹಿತ ಬರುವಷ್ಟು ಒತ್ತಿದರೆ ಬಣ್ಣದಲ್ಲಿ ಗುಳಿ ಬೀಳುವುದು ಖಂಡಿತ.

ಚೂರು ತೆಗೆಯುವುದು

ಬೇಕಾದದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಷ್ಟೇ ಸಾಕು, ಅದಕ್ಕಿಂತ ಹೆಚ್ಚು ತೆಗೆದವರಿಗೆ ಕೆಲಸ ಗೊತ್ತಿಲ್ಲವೆಂದೇ ಅರ್ಥ. 15ನೇ ನಂಬರಿನ ಹೊಸ ಸ್ಕಾಲ್ಪೆಲ್ ಬ್ಲೇಡು ಅಥವಾ ಟಂಗ್‌ಸ್ಟನ್ ಸೂಜಿ, 20ರಿಂದ 40 ಪಟ್ಟು ದೊಡ್ಡದು ಮಾಡುವ ಸ್ಟೀರಿಯೊ ಸೂಕ್ಷ್ಮದರ್ಶಕ, ನಡುವೆ ಕುಳಿಯಿರುವ ಗಾಜಿನ ಸ್ಲೈಡು, ಪುಡಿ ಹಾಕದ ನೈಟ್ರೈಲ್ ಕೈಗವಸು ಸಿದ್ಧವಿರಲಿ. ಚೂರನ್ನು ಈಗಾಗಲೇ ಬಣ್ಣ ಹೋಗಿರುವ ಜಾಗದ ಅಂಚಿನಿಂದ, ಬಿರುಕಿನಿಂದ, ಚೌಕಟ್ಟಿನೊಳಗೆ ಮುಚ್ಚಿಹೋಗುವ ಬದಿಯಿಂದ ತೆಗೆಯಿರಿ. ಮುಖ, ಕೈ, ಅಕ್ಷರ ಇರುವಲ್ಲಿ ಎಂದಿಗೂ ಬೇಡ.

ತೆಗೆದ ಚೂರನ್ನು ಪ್ಲಾಸ್ಟಿಕ್ ಜಿಪ್ ಕವರಿಗೆ ಹಾಕಬಾರದು. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಸೇರಿಸಿರಬಹುದಾದ ಥ್ಯಾಲೇಟ್ 1730ರಲ್ಲಿ ಪೀಕ್ ಕೊಟ್ಟು ಎಣ್ಣೆಯಂತೆ ನಟಿಸುತ್ತದೆ. ಸೆಲ್ಲೋಟೇಪಿನ ಅಂಟೂ ಹಾಗೆಯೇ. 1260, 1090, 1020, 800 ನಾಲ್ಕೂ ಒಟ್ಟಿಗೆ ಚೂಪಾಗಿ ಕಂಡರೆ ಅದು ಚಿತ್ರದ್ದಲ್ಲ, ಯಾರದೋ ಕೈಗೆ ಹಚ್ಚಿದ ಕ್ರೀಮಿನ ಅಥವಾ ಗ್ರೀಸಿನ ಸಿಲಿಕೋನ್. ಸ್ಲೈಡಿನ ಮೇಲೆ ಇನ್ನೊಂದು ಸ್ಲೈಡು ಮುಚ್ಚಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಹೊರಗೆ ನಂಬರು, ತಾರೀಖು, ಚಿತ್ರದ ಎಡ ಮತ್ತು ಕೆಳ ಅಂಚಿನಿಂದ ಎಷ್ಟು ಸೆಂಟಿಮೀಟರ್ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಬಣ್ಣದ ಚೂರು ತೆಗೆದಾಗ ಪಕ್ಕದ ಖಾಲಿ ನೆಲದಿಂದಲೂ ಒಂದು ಚೂರು ತೆಗೆಯಿರಿ. ಚಿತ್ತಾರದಲ್ಲಿ ಇದು ಇಲ್ಲದೆ ಆಗುವುದೇ ಇಲ್ಲ. ಏಕೆಂದು ಓದುವಾಗ ಗೊತ್ತಾಗುತ್ತದೆ.

ಯಂತ್ರದ ಮೇಲೆ

ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದಲ್ಲಿ, ಫಾರ್ಮಸಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಟಿಆರ್ ಅಥವಾ ಬಿಲ್ಲೆ ಒತ್ತುವ ಪದ್ಧತಿ. ಎಟಿಆರ್ ಸಿಕ್ಕರೆ ಅದನ್ನೇ ಆರಿಸಿ. ಹರಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಹಿನ್ನೆಲೆ ತೆಗೆಯಿರಿ. ನಂತರ ಏನೂ ಇಡದೆ ಒಮ್ಮೆ ಅಳೆದು ನೋಡಿ. ನೇರ ಗೆರೆ ಬರಬೇಕು. 2900ರಲ್ಲಿ ಉಬ್ಬು ಕಂಡರೆ ಹಿಂದಿನವರ ಮಾತ್ರೆಯ ಪುಡಿಯೋ ಎಣ್ಣೆಯೋ ಇನ್ನೂ ಅಂಟಿದೆ, ಮತ್ತೆ ಒರೆಸಿ. ಚೂರನ್ನು ಸೂಜಿಯ ತುದಿಯಿಂದ ಹರಳಿನ ನಡುವೆ ಇಟ್ಟು ತಿರುಪು ನಿಧಾನ ಬಿಗಿ ಮಾಡಿ 64 ಸ್ಕ್ಯಾನ್ ತೆಗೆಯಿರಿ. ಕಿರಣ ಒಂದೆರಡು ಮೈಕ್ರಾನ್ ಆಳಕ್ಕಷ್ಟೇ ಹೋಗುವುದರಿಂದ ಚೂರಿನ ಮೇಲ್ಮುಖ ಕೆಳಗಿಟ್ಟು ಒಮ್ಮೆ, ಮಗುಚಿ ಒಮ್ಮೆ ಅಳೆದರೆ ವಾರ್ನಿಶ್ ಮತ್ತು ಬಣ್ಣ ಬೇರೆ ಬೇರೆ ಸಿಗಬಹುದು. ಒತ್ತಿದಾಗ ಪುಡಿಯಾಗುವ ಚೂರಿಗೆ ಈ ಯುಕ್ತಿ ನಡೆಯದು. ಎಟಿಆರ್ ಪೀಕ್‌ಗಳು ಬಿಲ್ಲೆಯವಕ್ಕಿಂತ ಹತ್ತಿಪ್ಪತ್ತು ಅಂಕಿ ಕೆಳಗೆ ಜಾರಿರುತ್ತವೆ. ಹೋಲಿಸುವಾಗ ಎಟಿಆರ್‌ಗೆ ಎಟಿಆರ್ ರೋಹಿತವನ್ನೇ ಇಡಿ. 2300ರಿಂದ 1900ರ ನಡುವೆ ಹರಳೇ ಕಿರಣ ಹೀರುವುದರಿಂದ ಅಲ್ಲಿ ಗದ್ದಲ ಜಾಸ್ತಿ. ಪ್ರಷ್ಯನ್ ನೀಲಿಯ ಮುಖ್ಯ ಗುರುತು 2090 ಅಲ್ಲೇ ಇದೆ, ನೀಲಿ ಬಣ್ಣಕ್ಕೆ ಸ್ಕ್ಯಾನ್ 256ಕ್ಕೆ ಏರಿಸಿ.

ಬಿಲ್ಲೆಯ ಪದ್ಧತಿಯಲ್ಲಿ ಒಂದು ಮಿಲಿಗ್ರಾಂ ಚೂರಿಗೆ 150 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಬೇಕು, 13 ಮಿಲಿಮೀಟರ್ ಅಚ್ಚಿಗೆ ಹಾಕಿ ಎಂಟು ಹತ್ತು ಟನ್ ಒತ್ತಡದಲ್ಲಿ ಎರಡು ನಿಮಿಷ ಇಡಬೇಕು. ಒಂದು ಮಿಲಿಗ್ರಾಂ ಎಂದರೆ ಹಳೆಯ ಚಿತ್ರದ ಮಟ್ಟಿಗೆ ದೊಡ್ಡ ಮೊತ್ತ. ಚೂರು ಪುಡಿಯಾಗಿ ಉಪ್ಪಿನಲ್ಲಿ ಸೇರಿದ ಮೇಲೆ ವಾಪಸು ಸಿಗುವುದೂ ಇಲ್ಲ. ಗೋಡೆಯ ಗಾರೆ, ಉದುರಿ ಬಿದ್ದ ಚಕ್ಕೆಗಳಿಗೆ ಮಾತ್ರ ಇದನ್ನು ಬಳಸಿ. ಉಪ್ಪನ್ನು 110 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಿರಬೇಕು. ಬಿಲ್ಲೆ ಗಾಜಿನಂತೆ ಪಾರದರ್ಶಕವಾಗದೆ ಹಾಲುಬಿಳಿಯಾದರೆ ತೇವ ಸೇರಿದೆ ಅಥವಾ ಅರೆದದ್ದು ಸಾಲದು.

ಸುಣ್ಣದ ಗಾರೆಯ ಮೇಲಿನ ಬಣ್ಣದಲ್ಲಿ ಸುಣ್ಣದ ಪೀಕ್ ಎಷ್ಟು ದೊಡ್ಡದಿರುತ್ತದೆ ಎಂದರೆ ಅಂಟಿನ ಪೀಕ್ ಅದರಡಿ ಹುದುಗಿಹೋಗುತ್ತದೆ. ಆಗ ಚೂರಿನ ಒಂದು ಕಣವನ್ನು ಕುಳಿ ಸ್ಲೈಡಿನಲ್ಲಿಟ್ಟು ಒಂದು ತೊಟ್ಟು ಎಥನಾಲ್ ಬಿಡಿ. ಕರಗಿದ ರಾಳ ಅಂಚಿಗೆ ಹರಿದು ಒಣಗಿ ಉಂಗುರವಾಗುತ್ತದೆ, ಆ ಉಂಗುರವನ್ನೇ ಕೆರೆದು ಅಳೆಯಿರಿ. ಉಳಿದ ಕಣಕ್ಕೆ ಒಂದು ತೊಟ್ಟು ಬಿಸಿನೀರು ಬಿಟ್ಟು ಇದನ್ನೇ ಮಾಡಿದರೆ ಗೋಂದು ಮತ್ತು ವಜ್ರ ಉಂಗುರಕ್ಕೆ ಬರುತ್ತವೆ. ಅಳತೆಯ ಎಲ್ಲ ಸೂಕ್ಷ್ಮ ಕೆಲಸಗಳಲ್ಲಿ ಅತಿ ಅಗ್ಗದ್ದೂ ಅತಿ ಹೆಚ್ಚು ಫಲ ಕೊಡುವುದೂ ಇದೇ.

ರೋಹಿತ ಓದುವುದು

ಮೊದಲು 2350 ನೋಡಿ. ಅಲ್ಲಿ ಜೋಡಿ ಗೆರೆ ಕಂಡರೆ ಅದು ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ನಂತರ ದೊಡ್ಡ ಪೀಕ್ ಯಾವ ಖನಿಜದ್ದು ಎಂದು ಗುರುತಿಸಿ ಬದಿಗಿಡಿ:

ಸುಣ್ಣ: 1420ರಲ್ಲಿ ಅಗಲ, 874 ಮತ್ತು 712ರಲ್ಲಿ ಚೂಪು.
ಜಿಪ್ಸಂ: 3540, 3400, 1685, 1620, 1120ರ ಸುತ್ತ ದೊಡ್ಡದು, 670, 600.
ಜೇಡಿ: 3695, 3620, 1030, 1005, 912.
ಸಫೇದ, ಅಂದರೆ ಸೀಸದ ಬಿಳಿ: 3535, 1400, 1045, 680.
ಕೆಮ್ಮಣ್ಣಿನ ಕಬ್ಬಿಣ: 540, 470.

ಆಮೇಲೆ ಅಂಟು. ಎಣ್ಣೆಗೆ 2920, 2850 ಜೊತೆಗೆ 1740, 1165. ಹಳತಾದಂತೆ 1740 ಅಗಲವಾಗಿ 1710ರ ಕಡೆ ವಾಲುತ್ತದೆ. ವಜ್ರಕ್ಕೆ 1650 ಮತ್ತು 1550 ಎರಡೂ ಇರಲೇಬೇಕು, ಒಂದೇ ಇದ್ದರೆ ನಂಬಬೇಡಿ. ಗೋಂದಿಗೆ 1600, 1420, 1070ರಿಂದ 1030ರ ಅಗಲ ಗುಡ್ಡ. ಮರದ ರಾಳಕ್ಕೆ 1700ರ ಆಸುಪಾಸು, 1460, 1385. ಜೇನುಮೇಣಕ್ಕೆ 1735 ಜೊತೆ 730 ಮತ್ತು 720ರ ಅವಳಿ. ಈ ಅವಳಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮನೆಗೆ ಬಳಿಯುವ ಆಲ್ಕಿಡ್ ವಾರ್ನಿಶ್ಶಿಗೆ 1730, 1265, 1120, 1070, 742.

ಈಗ ಆ ಮೂರು ಬಿಳಿ ಗೆರೆಗಳಿಗೆ ಬನ್ನಿ. ಎಮಲ್ಷನ್ ಸುಲಭ: 1730 ಎದ್ದು ನಿಲ್ಲುತ್ತದೆ, ಭರ್ತಿಗೆ ಹಾಕಿದ ಸುಣ್ಣದ್ದೋ ಟಾಲ್ಕಿನದೋ (3676) ಪೀಕ್ ಜೊತೆಗಿರುತ್ತದೆ, ಟೈಟಾನಿಯಂ ಬಿಳಿಯಿಂದಾಗಿ 800ರ ಕೆಳಗೆ ಗೆರೆ ಇಳಿಜಾರಾಗುತ್ತದೆ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದೇ 20ನೇ ಶತಮಾನದಲ್ಲಿ. ಅಕ್ಕಿ ಹಿಟ್ಟಿಗೆ 1150, 1080, 1020 ಮೂರು ಮೆಟ್ಟಿಲು, ಜೊತೆಗೆ 930, 860. ಗೋಂದಿನ 1600 ಇದರಲ್ಲಿ ಇರುವುದಿಲ್ಲ. ಜೇಡಿಗೆ 3695 ಮತ್ತು 3620.

ಮೋಸ ಹೋಗುವುದು ಈ ಕೊನೆಯದರಲ್ಲಿ. ಚಿತ್ತಾರದ ನೆಲ ಕೆಮ್ಮಣ್ಣು. ಮಲೆನಾಡಿನ ಕೆಮ್ಮಣ್ಣು ಜಂಬಿಟ್ಟಿಗೆಯ ಜಾತಿ. ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಜೊತೆ ಜೇಡಿಯ ಖನಿಜವೂ ಇದ್ದೇ ಇರುತ್ತದೆ. ಅಕ್ಕಿಯ ಗೆರೆ ಕೆರೆಯುವಾಗ ಒಂದಿಷ್ಟು ನೆಲವೂ ಬ್ಲೇಡಿಗೆ ಬಂದರೆ ರೋಹಿತದಲ್ಲಿ 3695 ಕಾಣುತ್ತದೆ, ಬಿಳಿ ಜೇಡಿಯದೇ ಎಂದು ಬರೆದುಬಿಡುತ್ತೇವೆ. ಬಿಡಿಸುವ ದಾರಿ ಇದು: 540, 470 ಇದೆಯೇ ನೋಡಿ. ಜಂಬಿಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವ ಗಿಬ್ಸೈಟ್ ಎಂಬ ಅಲ್ಯೂಮಿನಿಯಂ ಖನಿಜದ 3525 ಇದೆಯೇ ನೋಡಿ. ಇವು ಬಿಳಿ ಚೂರಿನಲ್ಲೂ ಕಂಡರೆ ನೆಲ ಬೆರೆತಿದೆ. ಖಾಲಿ ನೆಲದ ಚೂರಿನ ರೋಹಿತವನ್ನು ಸಾಫ್ಟ್‌ವೇರಿನಲ್ಲಿ ಕಳೆದು ಉಳಿದದ್ದನ್ನು ಓದಿ. ಸಗಣಿ ಸಾರಿಸಿದ ನೆಲವಾದರೆ ಇನ್ನೊಂದು ಎಚ್ಚರ: ಸಗಣಿಯಲ್ಲೂ ಪ್ರೋಟೀನ್ ಇದೆ, 1650 ಮತ್ತು 1550 ಅದರದ್ದೂ ಇರಬಹುದು. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲಿನ ಚಿತ್ತಾರಕ್ಕೂ ಇದೇ ಮಾತು.

ಈ ಯಂತ್ರಕ್ಕೆ ಕಾಣದ ಬಣ್ಣಗಳೂ ಇವೆ. ಇಂಗಲೀಕ (ಪಾದರಸದ ಕೆಂಪು), ಹರಿತಾಳ (ಆರ್ಸೆನಿಕ್‌ನ ಹಳದಿ) ಇವುಗಳ ಗುರುತು 400ಕ್ಕಿಂತ ಕೆಳಗೆ. ಕಾಡಿಗೆ ಮತ್ತು ಹುರಿದು ಕಪ್ಪಾಗಿಸಿದ ಅಕ್ಕಿ ಪೀಕ್ ಕೊಡದೆ ಗೆರೆಯನ್ನು ಓರೆಯಾಗಿಸುತ್ತವೆ ಅಷ್ಟೇ. ಕೆಂಪು ಬಣ್ಣದ ರೋಹಿತದಲ್ಲಿ ಅಂಟು ಮಾತ್ರ ಕಂಡು ಬಣ್ಣ ಕಾಣದಿದ್ದರೆ ಇಂಗಲೀಕದ ಸಂಶಯ ಪಡಿ, ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಮೂಲಧಾತು ಗುರುತಿಸುವ) ಅಥವಾ ರಾಮನ್ (ಲೇಸರ್ ಬೆಳಕಿನ) ಪರೀಕ್ಷೆಗೆ ಬರೆಯಿರಿ. ಶೇ. 5ಕ್ಕಿಂತ ಕಡಿಮೆ ಇರುವ ವಸ್ತು ಸಾಮಾನ್ಯವಾಗಿ ಉಳಿದವುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಪುಸ್ತಕದಲ್ಲಿಲ್ಲದ ರೋಹಿತಗಳು

ಸಾಫ್ಟ್‌ವೇರಿನ ಹುಡುಕಾಟ "ಶೇ. 92 ಹೋಲಿಕೆ" ಎಂದು ಏನೋ ಒಂದು ಹೆಸರು ಕೊಡುತ್ತದೆ. ಅದರ ಪಟ್ಟಿಯಲ್ಲಿ ಯುರೋಪಿನ ರಾಳಗಳಿವೆ, ಮಲೆನಾಡಿನ ಅಡಿಕೆ ಚೊಗರು ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಸಾಫ್ಟ್‌ವೇರು ಎಂದೂ ಕಂಡುಹಿಡಿಯುವುದಿಲ್ಲ, ಹತ್ತಿರದ ಇನ್ನೊಂದನ್ನು ತೋರಿಸುತ್ತದೆ. ಸ್ಥಳೀಯ ಮಾದರಿಗಳ ಒಂದು ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳದೆ ಈ ಕೆಲಸ ಪೂರ್ತಿಯಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಇರಬೇಕಾದವು: ಅಡಿಕೆ ಬೇಯಿಸಿದ ಚೊಗರು, ಗೇರುಬೀಜದ ಸಿಪ್ಪೆಯ ಎಣ್ಣೆ, ಹಾಲುಮಡ್ಡಿ, ಧೂಪದ ಮರದ ರಾಳ, ಅರಗು, ಜೇನುಮೇಣ, ಬೇಲದ ಮರದ ಅಂಟು, ಹುಣಸೆಬೀಜದ ಅಂಟು, ಅಕ್ಕಿ ಹಿಟ್ಟು, ಗುರಿಗೆ ಬೀಜದ ಹಳದಿ, ನಾಲ್ಕೈದು ಊರಿನ ಕೆಮ್ಮಣ್ಣು ಮತ್ತು ಜೇಡಿ, ದೀಪದ ಎಣ್ಣೆ, ಒಲೆಯ ಮೇಲಿನ ಕರಿ. ಹುಣಸೆಬೀಜದ ಅಂಟಿಗೆ ಹುರಿದು ಸಿಪ್ಪೆ ತೆಗೆದ ಬೀಜದ ಪುಡಿ 5 ಗ್ರಾಂ, ನೀರು 100 ಮಿಲಿಲೀಟರ್, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಿದರೆ ಸಾಕು. ಒಂದೊಂದನ್ನೂ ಮೂರು ಸ್ಲೈಡಿಗೆ ತೆಳ್ಳಗೆ ಬಳಿಯಿರಿ. ಒಂದು ಕತ್ತಲೆಯ ಡಬ್ಬಿಗೆ, ಒಂದು ಕಿಟಕಿಯ ಬಿಸಿಲಿಗೆ, ಒಂದು ಅಡುಗೆಮನೆಯ ಅಟ್ಟದ ಹೊಗೆಗೆ. ಮೊದಲ ವಾರ, ಆರು ತಿಂಗಳು, ಒಂದು ವರ್ಷ, ಹೀಗೆ ಅಳೆದು ಇಡಿ. ಅಗಸೆ ಎಣ್ಣೆಯದನ್ನೂ ಸೇರಿಸಿದರೆ ಅದರ 3010ರ ಪುಟ್ಟ ಪೀಕ್ ಒಣಗುತ್ತ ಹೋದಂತೆ ಮಾಯವಾಗುವುದು ಕಣ್ಣೆದುರೇ ಕಾಣುತ್ತದೆ.

ಚೊಗರನ್ನು ಬೇರೆಯಾಗಿ ಹೇಳಬೇಕು. ಅದು ಟ್ಯಾನಿನ್, 1610, 1520, 1445, 1285ರಲ್ಲಿ ಪೀಕ್. ಕಪ್ಪಾದ ಮರದ ಹಲಗೆಯ ಮೇಲೆ ಈ 1610 ಮತ್ತು 1520 ಕಂಡಾಗ ಅವಸರದಲ್ಲಿ ವಜ್ರದ 1650 ಮತ್ತು 1550 ಎಂದುಕೊಳ್ಳುವುದು ಸುಲಭ. ಮೂವತ್ತು ನಲವತ್ತು ಅಂಕಿಯ ವ್ಯತ್ಯಾಸ ಈ ಯಂತ್ರದಲ್ಲಿ ಸಣ್ಣದಲ್ಲ.

ಓದಿದ್ದನ್ನು ಕೆಲಸಕ್ಕೆ ಇಳಿಸುವುದು

ಗೋಂದು ಅಥವಾ ಅಕ್ಕಿ ಕಂಡರೆ ನೀರು ಬೇಡ, ಎಂಜಲೂ ಬೇಡ. ಮೃದು ಕುಂಚ, ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜು, ಅಷ್ಟೇ. ಚಕ್ಕೆ ಏಳುತ್ತಿದ್ದರೆ ಎಥನಾಲಿನಲ್ಲಿ ಶೇ. ಅರ್ಧದಿಂದ ಒಂದರಷ್ಟು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟು ಕರಗಿಸಿ ಸಣ್ಣ ಕುಂಚದಿಂದ ಅಂಚಿಗೆ ಬಿಡಬಹುದು, ಎಥನಾಲಿನ ಉಂಗುರದಲ್ಲಿ ಅರಗಾಗಲಿ ರಾಳವಾಗಲಿ ಬಂದಿಲ್ಲದಿದ್ದರೆ ಮಾತ್ರ. ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಎಲ್ಲದಕ್ಕೂ ಮದ್ದು ಎಂದು ಬಳಸುವ ಅಭ್ಯಾಸವಿದೆ. ಹೊಳಪಿಲ್ಲದ ಚಿತ್ತಾರದ ಬಣ್ಣ ಅದನ್ನು ಹೀರಿ ಒದ್ದೆಯಾದಂತೆ ಕಪ್ಪಾಗುತ್ತದೆ, ಬಿಳಿ ಗೆರೆ ಮಂಕಾಗುತ್ತದೆ.

ಹಳೆಯ ಮನೆಗಳ ದೇವರಕೋಣೆಯಲ್ಲಿರುವ ಮೈಸೂರು ಶೈಲಿಯ ಚಿತ್ರಗಳಿಗೆ ಇನ್ನೂ ಬಿಗಿಯಾದ ನಿಯಮ. ಚಿನ್ನದ ರೇಕಿನ ಕೆಳಗಿನ ಉಬ್ಬು ಕೆಲಸಕ್ಕೆ ಸಫೇದ, ರೇವಲಚಿನ್ನಿ ಮತ್ತು ಅಂಟನ್ನು ಕಲಸುತ್ತಿದ್ದರು. ರೇವಲಚಿನ್ನಿಯ ಬಹುಭಾಗ ರಾಳ, ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ. ಉಳಿದ ಗೋಂದು ನೀರಿನಲ್ಲಿ. ಸೀಸದ 3535 ಜೊತೆ ರಾಳವೂ ಗೋಂದೂ ಕಂಡರೆ ನೀರೂ ಆಗದು, ಸ್ಪಿರಿಟೂ ಆಗದು. ಮೇಲಿನ ದೀಪದ ಜಿಡ್ಡನ್ನು ವೈಟ್ ಸ್ಪಿರಿಟಿನಂಥ ಪೆಟ್ರೋಲಿಯಂ ದ್ರಾವಕದಲ್ಲಿ ಪ್ರಯೋಗಿಸಿ ನೋಡಬಹುದು.

ಎಣ್ಣೆಬಣ್ಣದ ಭಾವಚಿತ್ರದಲ್ಲಿ 1510ರಿಂದ 1540ರ ನಡುವೆ ಪೀಕ್ ಇದ್ದರೆ ಸೀಸವೋ ಸತುವೋ ಎಣ್ಣೆಯ ಆಮ್ಲದ ಜೊತೆ ಸೇರಿ ಸಾಬೂನಾಗಿದೆ. ಬಣ್ಣದಲ್ಲಿ ಸಣ್ಣ ಗುಳ್ಳೆಗಳಾಗಿ ಕಾಣುವುದು ಅದೇ. ಶಾಖ ಮತ್ತು ತೇವ ಎರಡೂ ಅದನ್ನು ಬೆಳೆಸುತ್ತವೆ, ಇಸ್ತ್ರಿ ಪೆಟ್ಟಿಗೆ ಇಟ್ಟು ಕ್ಯಾನ್ವಾಸ್ ಸಮ ಮಾಡುವ ಯೋಚನೆ ಬಿಡಿ. 1620 ಮತ್ತು 1320 ಎರಡೂ ಚೂಪಾಗಿ ಕಂಡರೆ ಕ್ಯಾಲ್ಸಿಯಂ ಆಕ್ಸಲೇಟ್. ಬೂದುಬಣ್ಣದ ಆ ಪೊರೆ ಯಾವ ದ್ರಾವಕಕ್ಕೂ ಬಗ್ಗದು, ಉಜ್ಜಿದರೆ ಬಣ್ಣವೇ ಹೋಗುತ್ತದೆ. ಗೋಡೆಯಲ್ಲಿ ಜಿಪ್ಸಂ ಹೂವಿನಂತೆ ಎದ್ದಿದ್ದರೆ ಚಿತ್ರ ಬಿಟ್ಟು ಮಾಡು ನೋಡಿ, ಎಲ್ಲೋ ಹೆಂಚು ಜಾರಿ ನೀರು ಇಳಿಯುತ್ತಿದೆ.

ಯಾವ ದ್ರಾವಕವನ್ನು ಆರಿಸಿದರೂ ಮೂರು ಮಿಲಿಮೀಟರ್ ಚೌಕದಲ್ಲಿ ಮೊದಲು ಪರೀಕ್ಷೆ. ಹತ್ತಿ ಸುತ್ತಿದ ಕಡ್ಡಿಯನ್ನು ಉಜ್ಜದೆ ಹೊರಳಿಸಿ. ಬಣ್ಣ ಬರಲಿಲ್ಲ ಎಂದು ಕಣ್ಣು ಹೇಳಿದರೆ ಸಾಲದು. ಆ ಹತ್ತಿಯನ್ನು ಅದೇ ದ್ರಾವಕದ ಐದು ತೊಟ್ಟಿನಲ್ಲಿ ಕುಳಿ ಸ್ಲೈಡಿನ ಮೇಲೆ ಹಿಂಡಿ, ಒಣಗಿಸಿ, ಉಂಗುರವನ್ನು ಅಳೆಯಿರಿ. ಪಕ್ಕದಲ್ಲಿ ಏನೂ ಮುಟ್ಟದ ಹತ್ತಿಯದೂ ಒಂದು ಇರಲಿ, ಹತ್ತಿಗೂ ತನ್ನದೇ ಮೇಣವಿದೆ. ಉಂಗುರದಲ್ಲಿ ವಾರ್ನಿಶ್ ಮಾತ್ರ ಕಂಡರೆ ಮುಂದುವರಿಯಿರಿ. ಬಣ್ಣದ ಅಂಟಿನ ಪೀಕ್ ಕಂಡರೆ, ಎಷ್ಟೇ ಸಣ್ಣದಿರಲಿ, ಆ ದ್ರಾವಕ ಅಲ್ಲಿಗೆ ಮುಗಿಯಿತು. ಇಂಥಲ್ಲಿ ಕೈಮೀರಿದ್ದು ಎನಿಸಿದರೆ ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ. ಅಲ್ಲಿಗೆ ಹೋಗುವಾಗ ರೋಹಿತಗಳ ಮುದ್ರಿತ ಪ್ರತಿಯಲ್ಲದೆ ಮೂಲ ಕಡತವನ್ನೂ ಒಯ್ಯಿರಿ.

ಚಿತ್ರ ಮತ್ತೆ ಗೋಡೆಗೆ ಏರುವಾಗ ನೈಋತ್ಯದ ಮಳೆ ಬಡಿಯುವ ಪಡುವಣ ಗೋಡೆ ತಪ್ಪಿಸಿ. ತಪ್ಪಿಸಲಾಗದಿದ್ದರೆ ಹೊರಗಡೆ ಸೋಗೆ ತಟ್ಟಿ ಕಟ್ಟಿಸಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿ ಗೋಡೆಯಿಂದ ಎರಡು ಮೂರು ಸೆಂಟಿಮೀಟರ್ ದೂರ ಇಡಿ. ಮಳೆಗಾಲದಲ್ಲಿ ಕೋಣೆಗೆ ಏಕಾಏಕಿ ಹೀಟರ್ ಹಾಕಬೇಡಿ, ಶೇ. 85ರಲ್ಲಿ ನೆಲೆನಿಂತ ಮರದ ಹಲಗೆಯನ್ನು ಎರಡು ದಿನದಲ್ಲಿ 50ಕ್ಕೆ ಇಳಿಸಿದರೆ ಅದು ಸೀಳುತ್ತದೆ, ಬಣ್ಣ ಸೀಳಿನ ಎರಡೂ ಬದಿಗೆ ಎದ್ದು ನಿಲ್ಲುತ್ತದೆ.